ಚಾರ್ಜರ್ ತೆಗೆದು ನೋಡ್ರಿ

ಆ ಮನುಷ್ಯನ ಮೊದಲ ಮೇಲ್ ಬಂದಾಗ ನಾನು ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಿರ್ಚಿ ಭಜಿ ತಿನ್ನುತ್ತಿದ್ದೆ. ಇಂಗ್ಲಿಷಿನಲ್ಲಿ ಒಂದೇ ಸಾಲು. ನಿಮ್ಮ ಪ್ಯಾಚ್ ಬಂದ ಮೇಲೆ ನಮ್ಮಲ್ಲಿ ಟಚ್‌ಪ್ಯಾಡ್ ಸತ್ತಿದೆ, ಅದನ್ನು ತೆಗೆಯಿರಿ ಸರ್. ಮುಂದೆ ನಮಸ್ಕಾರ ಇಲ್ಲ, ಹಿಂದೆ ದಯವಿಟ್ಟು ಇಲ್ಲ. ನನಗೊಬ್ಬಳಿಗೆ ಬರೆದಿದ್ದರೆ ನುಂಗಿಕೊಳ್ಳುತ್ತಿದ್ದೆ. ದೇಶದೇಶಗಳ ಜನ ಓದುವ ಮೇಲಿಂಗ್ ಲಿಸ್ಟಿಗೆ ಹಾಕಿದ್ದ. ಖಾರ ನೆತ್ತಿಗೇರಿತು. ಅದು ಮೆಣಸಿನಕಾಯಿಯದೋ ಅವನದೋ ಗೊತ್ತಾಗಲಿಲ್ಲ.

ಸಿಟ್ಟು ಯಾಕೆ ಅಂತ ಹೇಳಿಬಿಡುತ್ತೇನೆ. ನಾನು ಮಲಿಕಾ, ಇಳಕಲ್ಲಿನವಳು. ಹುನಗುಂದದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ನಮ್ಮ ಲ್ಯಾಬಿನ ಹಳೇ ಲ್ಯಾಪ್‌ಟಾಪುಗಳಲ್ಲಿ ಇರುವುದು ಲಿನಕ್ಸ್. ಅದರ ತಿರುಳಿಗೆ ಕರ್ನಲ್ ಅನ್ನುತ್ತಾರೆ. ಕೀಬೋರ್ಡು, ಪ್ರಿಂಟರು, ಟಚ್‌ಪ್ಯಾಡುಗಳ ಜೊತೆ ಮಾತಾಡುವ ಡ್ರೈವರುಗಳು ಆ ತಿರುಳಿನೊಳಗೇ ಇರುತ್ತವೆ. ಬೀಗವಿಲ್ಲದ ಮನೆ ಅದು. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಆ ತಿದ್ದುಪಡಿಗೇ ಪ್ಯಾಚ್ ಅಂತ ಹೆಸರು.

ನಮ್ಮ ಲ್ಯಾಪ್‌ಟಾಪುಗಳದ್ದು ಒಂದು ರೋಗ. ಮುಚ್ಚಿ ತೆರೆದರೆ ಪರದೆ ತಟ್ಟನೆ ಏಳುತ್ತದೆ, ಟಚ್‌ಪ್ಯಾಡ್ ಮಾತ್ರ ಒಂದು ಚಾ ಕುಡಿದು ಬರುವಷ್ಟು ಹೊತ್ತು ಮಲಗಿರುತ್ತದೆ. ಹುಡುಗಿಯರು ಪರದೆಯ ಮೇಲಿನ ಬಾಣ ಯಾವಾಗ ಅಲುಗಾಡುತ್ತದೋ ಅಂತ ಬೆರಳು ಉಜ್ಜುತ್ತ ಕೂರುತ್ತಿದ್ದರು. ಇಡೀ ಮಳೆಗಾಲ ಆ ಡ್ರೈವರ್ ಓದಿ, ತಿಳಿಯದೆ ಅತ್ತು, ತಿಳಿದು ನಕ್ಕು, ಕೊನೆಗೆ ಸರಿ ಮಾಡಿದೆ. ಆ ಭಾಗವನ್ನು ನೋಡಿಕೊಳ್ಳುವ ಮೇಂಟೇನರ್ ಯಾವುದೋ ಚಳಿ ದೇಶದ ಹಿರಿಯ. ಹತ್ತು ಕಡೆ ತಪ್ಪು ತೋರಿಸಿ, ಹತ್ತು ಸಲ ವಾಪಸ್ ಕಳಿಸಿ, ಅಂತೂ ಒಪ್ಪಿಕೊಂಡ. ಕರ್ನಲ್ಲಿನ ಇತಿಹಾಸದಲ್ಲಿ ನನ್ನ ಹೆಸರು ಹೋಗಿ ಕೂತಿತು.

ಮನೆ ಅಬ್ಬಾನ ಹೆಸರಲ್ಲಿದೆ. ಕಾಲೇಜಿನ ಹಾಜರಿಯಲ್ಲಿ ನಾನು ಬರೀ 'ಗೆಸ್ಟ್ ಲೆಕ್ಚರರ್'. ನನ್ನದು ಅಂತ ಹೆಸರಿದ್ದ ಜಾಗ ಈ ಜಗತ್ತಿನಲ್ಲಿ ಅದೊಂದೇ. ನಮ್ಮ ಅಬ್ಬಾನ ಹೆಸರು ರಾಜಮಹ್ಮದ, ಸೀರೆಯ ನೂಲಿಗೆ ಬಣ್ಣ ಹಾಕುವವರು. ನೂಲು ಕೊಡಲು ಬಂದವರಿಗೆಲ್ಲ, "ನಮ್ಮ ಮಗಳ ಹೆಸರು ಎಲ್ಲಾ ದೇಶದ ಕಂಪ್ಯೂಟರ್‌ದಾಗ ಐತಿ" ಅಂತ ಹೇಳಿ, ಅವರು ನಂಬುವವರೆಗೂ ಬಿಡುತ್ತಿರಲಿಲ್ಲ.

ಅದನ್ನು ತೆಗೆಯಿರಿ ಅನ್ನುತ್ತಿದ್ದಾನೆ ಇವನು.

ಮೇಂಟೇನರ್ ಮರುದಿನವೇ ಬರೆದ. ಕರ್ನಲ್ಲಿನಲ್ಲಿ ಒಂದು ಕಟ್ಟುನಿಟ್ಟಿನ ರೂಢಿ ಇದೆ. ಹೊಸ ಪ್ಯಾಚಿನಿಂದ ಮೊದಲು ನಡೆಯುತ್ತಿದ್ದದ್ದು ನಿಂತರೆ, ಪ್ಯಾಚ್ ಎಷ್ಟೇ ಚೆನ್ನಾಗಿರಲಿ, ಕಿತ್ತು ಹೊರಗೆ. ಈಗ ಹೊರಬಂದಿರುವುದು ಪರೀಕ್ಷೆಯ ಆವೃತ್ತಿ, ತಿಂಗಳ ಕೊನೆಯ ಭಾನುವಾರ ಪಕ್ಕಾ ಆವೃತ್ತಿ ಬಿಡುಗಡೆಯಾಗುತ್ತದೆ, ಅಷ್ಟರೊಳಗೆ ಸರಿಪಡಿಸಿದರೆ ನಿನ್ನ ಪ್ಯಾಚ್ ಉಳಿಯುತ್ತದೆ, ಇಲ್ಲದಿದ್ದರೆ ತೆಗೆಯುತ್ತೇನೆ ಅಂದ.

ಆಗ ಆ ಮೊದಲ ಮೇಲ್‌ನ ಕೊನೆಯಲ್ಲಿದ್ದ ವಿಳಾಸ ನೋಡಿದೆ. ಯಾಸೀನ, ಲ್ಯಾಪ್‌ಟಾಪ್ ರಿಪೇರಿ ಮತ್ತು ಮಾರಾಟ, ನವನಗರ, ಬಾಗಲಕೋಟೆ. ಪರದೇಶದವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಬಾಗಲಕೋಟೆಯವನು ಬೈದರೆ ಹೇಗೆ ತಡೆದುಕೊಳ್ಳುವುದು? ಬಸ್ ಇದೆಯಲ್ಲ.

ಶನಿವಾರ ಕಾಲೇಜು ಮುಗಿಸಿ ಹೋದೆ. ಸಣ್ಣ ಅಂಗಡಿ. ಗೋಡೆಯ ತುಂಬ ಹಳೇ ಲ್ಯಾಪ್‌ಟಾಪು. ಟೇಬಲ್ಲಿನ ಹಿಂದೆ ಒಬ್ಬ ಎರಡು ತುಟಿಗಳ ನಡುವೆ ಒಂದು ಸಣ್ಣ ಸ್ಕ್ರೂ ಹಿಡಿದುಕೊಂಡು ಯಾವುದೋ ಲ್ಯಾಪ್‌ಟಾಪಿನ ಹೊಟ್ಟೆ ಬಗೆಯುತ್ತಿದ್ದ.

"ಇಲ್ಲಿಟ್ಟು ಹೆಸರು ಹೇಳ್ರಿ. ಗುರುವಾರ ಬರ್ರಿ," ಅಂದ, ತಲೆ ಎತ್ತದೆ.

"ನಾ ರಿಪೇರಿಗೆ ಬಂದಿಲ್ರಿ. ಜಗಳಾಕ ಬಂದೇನಿ."

ತಲೆ ಎತ್ತಿದ. ದಪ್ಪ ಹುಬ್ಬು, ಅದರ ಕೆಳಗೆ ನಿದ್ದೆಗೆಟ್ಟ ದೊಡ್ಡ ಕಣ್ಣು.

"ಎಂ. ಆರ್. ಇಳಕಲ್," ಅಂದೆ, ಪ್ಯಾಚಿನಲ್ಲಿದ್ದ ನನ್ನ ಹೆಸರನ್ನೇ. "ನೀವು ಸರ್ ಅಂತ ಬರದಿದ್ರೆಲ್ಲ, ಆ ಸರ್ ನಾನ."

ಅವನು ನನ್ನ ಹಿಂದಿನ ಬಾಗಿಲು ನೋಡಿದ, ನಿಜವಾದ ಸರ್ ಇನ್ನೂ ಬರುವವರಿದ್ದಾರೇನೋ ಅನ್ನುವ ಹಾಗೆ. ತುಟಿಯಿಂದ ಸ್ಕ್ರೂ ಬಿತ್ತು. ಟಿಣ್ ಅಂದದ್ದು ಕೇಳಿತು, ಎಲ್ಲಿ ಹೋಯಿತೋ ಕಾಣಲಿಲ್ಲ. ಜಗಳಕ್ಕೆ ಅಂತ ಅಷ್ಟು ದೂರ ಹೋದವಳು ಮೊದಲು ಮಾಡಿದ್ದು ಏನು ಅಂದರೆ, ಅವನ ಜೊತೆ ಟೇಬಲ್ಲಿನ ಕೆಳಗೆ ಬಗ್ಗಿ ಸ್ಕ್ರೂ ಹುಡುಕಿದ್ದು. ನನ್ನ ಕೈಗೇ ಸಿಕ್ಕಿತು. ಕೊಡುವಾಗ ಅವನ ಕಿವಿ ಕೆಂಪಾಗಿತ್ತು.

"ಸತ್ತ ಟಚ್‌ಪ್ಯಾಡ್ ತೋರಸ್ರಿ," ಅಂದೆ.

ಮರೋಳದ ಮಲ್ಲಮ್ಮ ಅನ್ನುವ ಹುಡುಗಿಯ ಲ್ಯಾಪ್‌ಟಾಪ್ ಅದು. ಬಾಗಲಕೋಟೆಯಲ್ಲಿ ಓದುತ್ತಾಳೆ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಅವನು ಅದನ್ನು ಕಪಾಟಿನಿಂದ ತೆಗೆದು ಮೊದಲು ಚಾರ್ಜರ್ ಚುಚ್ಚಿದ, ಆಮೇಲೆ ಬಟ್ಟೆಯಿಂದ ಒರೆಸಿದ, ಆಮೇಲೆ ನನ್ನ ಮುಂದಿಟ್ಟ. ಅಚ್ಚುಕಟ್ಟು ಮನುಷ್ಯ ಅಂತ ಸಿಟ್ಟಿನಲ್ಲೂ ಅನ್ನಿಸಿತು. ಮುಚ್ಚಿದೆ, ತೆರೆದೆ. ಬಾಣ ಬೆರಳಿನ ಹಿಂದೆ ಓಡಿತು. ಮತ್ತೆ ಮುಚ್ಚಿ ತೆರೆದರೂ ಓಡಿತು.

"ಸತ್ತೈತಿ ಅಂದ್ರಿ."

"ನಿನ್ನೆ ಸತ್ತಿತ್ರಿ. ಮಲ್ಲಮ್ಮ ಖುದ್ದ ತಂದು ತೋರಿಸ್ಯಾಳ. ನನ್ನ ಕಣ್ಲೆ ನೋಡೇನಿ."

"ಇವತ್ತ ನನ್ನ ನೋಡಿ ಜೀವಾ ಬಂತೇನು?"

"ಬಂದ್ರೂ ಬಂದಿರಬೇಕು," ಅಂದ, ನೆಲ ನೋಡುತ್ತ. ಅಂದ ಮೇಲೆ ತಾನು ಏನಂದೆ ಅಂತ ಗೊತ್ತಾಗಿ ಚಾ ತರಲು ಎದ್ದು ಹೋದ.

ಹಾಗೆ ಶುರುವಾಯಿತು ನಮ್ಮ ಗೋಳು. ಮಲ್ಲಮ್ಮನ ಮನೆಯಲ್ಲಿ ಟಚ್‌ಪ್ಯಾಡ್ ಸತ್ತಿರುತ್ತದೆ, ಯಾಸೀನನ ಅಂಗಡಿಯಲ್ಲಿ ಕುಣಿಯುತ್ತಿರುತ್ತದೆ. ಡ್ರೈವರಿನ ತಪ್ಪುಗಳಲ್ಲಿ ಇಂಥದ್ದಕ್ಕಿಂತ ಹೊಟ್ಟೆ ಉರಿಸುವುದು ಇನ್ನೊಂದಿಲ್ಲ. ಕಣ್ಣಮುಂದೆ ಕೆಟ್ಟರೆ ಹಿಡಿಯಬಹುದು, ಬೆನ್ನ ಹಿಂದೆ ಕೆಡುವುದನ್ನು ಎಲ್ಲಿ ಹಿಡಿಯುವುದು? ಧೂಳು ಅಂದೆ. ಹುಡುಗಿಯ ಬೆರಳಿನ ಬೆವರು ಅಂದೆ. ಒಳಗಿನ ಪಟ್ಟಿ ಸಡಿಲಾಗಿದೆ ಅಂದೆ. ಅವನು ಬಿಚ್ಚಿ ತೋರಿಸಿದ, ಪಟ್ಟಿ ಗಟ್ಟಿಯಾಗಿತ್ತು. ನನ್ನ ಊಹೆ ಒಂದೊಂದೂ ಸತ್ತಾಗ ಅವನು ತಲೆ ಅಲ್ಲಾಡಿಸುತ್ತಿದ್ದ, ನನಗೆ ಆ ತಲೆಯನ್ನೇ ಬಿಚ್ಚಿ ನೋಡುವಷ್ಟು ಸಿಟ್ಟು ಬರುತ್ತಿತ್ತು.

ಎರಡನೇ ಪ್ಯಾಚ್ ಬರೆದು ಕಳಿಸಿದೆ. ಮುಂದಿನ ಶನಿವಾರ ಹೋದಾಗ ಅವನು ಬಾಗಿಲಲ್ಲೇ ನಿಂತಿದ್ದ.

"ಏನಾತ್ರಿ?"

"ಚೊಲೋ ಬರದೀರಿ. ಓದಿದೆ, ಭಾಳ ಸ್ವಚ್ಛ ಐತಿ," ಅಂದ. "ಆದ್ರ ನಡೀವಲ್ದು. ಮಲ್ಲಮ್ಮನ ಮನ್ಯಾಗ ಮತ್ತ ಸತ್ತೈತಿ."

"ಒಳಗರ ಬರಗೊಡ್ರಿ. ಬಾಗಿಲದಾಗ ನಿಲ್ಲಿಸಿ ಇಲ್ಲ ಅಂತೀರಲ್ಲ."

"ಒಳಗ ಬಂದು ಕುಂತಮ್ಯಾಲ ಇಲ್ಲ ಅಂದ್ರ ನಿಮಗ ಇನ್ನೂ ಸಿಟ್ಟ ಬರ್ತಿತ್ತು."

ಖರೆ ಮಾತು. ನಗು ಬಂತು, ಅವನಿಗೆ ಕಾಣದ ಹಾಗೆ ದುಪಟ್ಟಾ ಸರಿ ಮಾಡಿಕೊಂಡೆ.

ಅಷ್ಟು ನೇರವಾಗಿ ನನಗೆ ಯಾರೂ 'ಇಲ್ಲ' ಅಂದವರಿಲ್ಲ. ಕಾಲೇಜಿನಲ್ಲಿ ಏನು ಕೇಳಿದರೂ ನೋಡೋಣ ಅನ್ನುತ್ತಾರೆ. ಮನೆಗೆ ಬಂದ ನೆಂಟರು ಏನು ಮಾಡಿದರೂ ಮಾಶಾ ಅಲ್ಲಾ ಅನ್ನುತ್ತಾರೆ, ಆಚೆ ಹೋಗಿ ಇನ್ನೂ ಲಗ್ನ ಆಗಿಲ್ಲಲ್ಲ ಅನ್ನುತ್ತಾರೆ. ಇವನು ಮಾತ್ರ ನನ್ನ ಪ್ಯಾಚನ್ನು ಸಾಲು ಸಾಲು ಓದುತ್ತಿದ್ದ, ಎಲ್ಲಿ ಚೆನ್ನಾಗಿದೆ ಅಂತ ಬೆರಳಿಟ್ಟು ತೋರಿಸುತ್ತಿದ್ದ, ಆಮೇಲೆ ನಡೀವಲ್ದು ಅನ್ನುತ್ತಿದ್ದ. ಶುಕ್ರವಾರ ಬಂತೆಂದರೆ ನಾಳೆ ಯಾವ ಬಣ್ಣದ ಚೂಡಿದಾರ ಅಂತ ಯೋಚನೆ ಶುರುವಾಗುತ್ತಿತ್ತು. ಬೈಸಿಕೊಳ್ಳಲು ಹೋಗುವವಳಿಗೆ ಬಣ್ಣ ಯಾಕೆ ಬೇಕು ಅಂತ ನನ್ನನ್ನು ನಾನೇ ಬೈದುಕೊಂಡೆ. ಉಪಯೋಗ ಆಗಲಿಲ್ಲ.

ಒಂದು ಸಂಜೆ ಲ್ಯಾಪ್‌ಟಾಪಿನ ಮುಚ್ಚಳವನ್ನು ನಿಧಾನಕ್ಕೆ ಇಳಿಸುತ್ತಿದ್ದೆ. ಅರ್ಧ ಇಳಿದಾಗ ಪರದೆ ಕಪ್ಪಾಗುತ್ತದೆ, ಕನ್ನಡಿಯಾಗುತ್ತದೆ. ಅದರಲ್ಲಿ ಅವನು ಕಂಡ. ಹಿಂದೆ ನಿಂತು ಟಚ್‌ಪ್ಯಾಡ್ ನೋಡಬೇಕಾದವನು ನನ್ನನ್ನು ನೋಡುತ್ತಿದ್ದ. ನಾನು ಮುಚ್ಚಳವನ್ನು ಪೂರ್ತಿ ಇಳಿಸಲಿಲ್ಲ, ಅಲ್ಲೇ ಹಿಡಿದೆ. ಅವನಿಗೂ ಕಪ್ಪು ಪರದೆಯಲ್ಲಿ ನನ್ನ ಕಣ್ಣು ಸಿಕ್ಕಿತು. ಇಬ್ಬರೂ ಆ ಕಡೆ ಈ ಕಡೆ ಅಲುಗಲಿಲ್ಲ.

"ಮುಚ್ಚರಿ," ಅಂದ ಕೊನೆಗೆ.

"ಯಾಕ, ಟೆಸ್ಟ್ ನಡದೈತೆಲ್ಲ?"

"ಮೇಡಂ, ಮುಚ್ಚರಿ."

ಮುಚ್ಚಿದೆ. ಬಸ್ಸಿನಲ್ಲಿ ಇಳಕಲ್ಲಿನವರೆಗೂ ಕಿಟಕಿಯ ಗಾಜು ನೋಡಿ ನಕ್ಕೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಒಂಚೂರು ಸರಿದು ಕೂತಳು.

ಮೂರನೇ ಪ್ಯಾಚ್ ಕಳಿಸಿದೆ. ಬಿಡುಗಡೆಯ ವಾರ ಅದು. ಶುಕ್ರವಾರ ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಯಾಸೀನನ ಮೇಲ್ ಬಂತು, ಎಲ್ಲರಿಗೂ ಕಾಣುವ ಹಾಗೆ. ಟೆಸ್ಟ್ ಮಾಡಿದೆ, ಸರಿಯಾಗಿ ನಡೆಯುತ್ತಿದೆ. ಕೆಳಗೆ ಕರ್ನಲ್ಲಿನ ರೂಢಿಯ ಪ್ರಕಾರ ಒಂದು ಸಾಲು, ಟೆಸ್ಟ್ ಮಾಡಿದವರು ಯಾಸೀನ. ಆ ಸಾಲು ಸಹಿ ಇದ್ದ ಹಾಗೆ. ಪ್ಯಾಚಿನ ಜೊತೆ ಅದೂ ಇತಿಹಾಸಕ್ಕೆ ಹೋಗುತ್ತದೆ, ನನ್ನ ಹೆಸರಿನ ಕೆಳಗೆ ಅವನ ಹೆಸರು. ಸಂಜೆಗೆ ಮೇಂಟೇನರ್ ಬರೆದ: ತೆಗೆದುಕೊಂಡಿದ್ದೇನೆ, ಭಾನುವಾರದ ಬಿಡುಗಡೆಗೆ ಹೋಗುತ್ತದೆ.

ಶನಿವಾರ ಬಸ್ಸು ಅಮೀನಗಡದಲ್ಲಿ ನಿಂತಾಗ ಇಳಿದು ಕರದಂಟು ತೆಗೆದುಕೊಂಡೆ. ಅಷ್ಟರಲ್ಲಿ ಬಸ್ಸು ಹೋಯಿತು. ಹೋದರೆ ಹೋಗಲಿ ಅಂತ ಮುಂದಿನ ಬಸ್ಸಿನಲ್ಲಿ ನಿಂತೇ ಹೋದೆ. ಅಷ್ಟು ಖುಷಿ.

ಯಾಸೀನ ಡಬ್ಬಿ ತೆಗೆದುಕೊಂಡ. ನನ್ನ ಮುಖ ನೋಡಲಿಲ್ಲ.

"ಏನ್ರಿ, ಖುಷಿ ಇಲ್ಲೇನು? ನಿಮ್ಮ ಹೆಸರೂ ಕರ್ನಲ್‌ದಾಗ ಬಂತು."

"ಖುಷಿ ಐತ್ರಿ," ಅಂದ. ಒಂದೇ ವೈರನ್ನು ಸುತ್ತುತ್ತ, ಬಿಚ್ಚುತ್ತ ಇದ್ದ.

ಆಗಲೇ ಮಲ್ಲಮ್ಮ ಬಂದಳು. ಬಗಲಲ್ಲಿ ಚೀಲ, ಮುಖದಲ್ಲಿ ಬಿಸಿಲು. ನಾನು ಇದ್ದದ್ದನ್ನು ಗಮನಿಸದೆ ಲ್ಯಾಪ್‌ಟಾಪ್ ಟೇಬಲ್ಲಿಗೆ ಇಟ್ಟಳು.

"ಅಣ್ಣಾ, ಫೋನಿನ್ಯಾಗ ಹೇಳಿದ್ನೆಲ್ಲ, ನೀ ಹೊಸದು ಹಾಕಿಕೊಟ್ಟ ಮ್ಯಾಲೂ ಹಂಗ ಐತಿ. ಸತ್ತೈತಿ. ನೀನ ನೋಡು."

"ಯಾವಾಗ ಫೋನ್ ಮಾಡಿದ್ದಿ ಯವ್ವಾ?" ಕೇಳಿದೆ.

"ಶುಕ್ರವಾರ ಮುಂಜಾನಿನ ಮಾಡೇನ್ರಿ ಅಕ್ಕಾ."

ಅವನು ಮೇಲ್ ಕಳಿಸಿದ್ದು ಶುಕ್ರವಾರ ಮಧ್ಯಾಹ್ನ.

ನಾನು ಲ್ಯಾಪ್‌ಟಾಪ್ ಎಳೆದುಕೊಂಡು ತೆರೆದೆ. ಬೆರಳು ಉಜ್ಜಿದೆ. ಬಾಣ ಅಲುಗಲಿಲ್ಲ. ಇಷ್ಟು ದಿನ ಕಣ್ಣಿಗೆ ಬೀಳದ ರೋಗ ಈಗ ನನ್ನ ಮುಂದೆ ಅಂಗಾತ ಮಲಗಿತ್ತು. ಯಾಸೀನ ರೂಢಿಯಂತೆ ಕೈ ಚಾಚಿ ಚಾರ್ಜರ್ ಚುಚ್ಚಿದ, ಮುಚ್ಚಿ ತೆರೆದ. ಬಾಣ ಓಡಿತು.

"ನೋಡ್ರಿ, ಇಲ್ಲಿ ನಡೀತೈತಿ," ಅಂದ, ಸಣ್ಣ ದನಿಯಲ್ಲಿ.

"ಚಾರ್ಜರ್ ತಗೀರಿ."

"ಏನ್ರಿ?"

"ಚಾರ್ಜರ್ ತಗದು ನೋಡ್ರಿ."

ತೆಗೆದ. ಮುಚ್ಚಿ ತೆರೆದ. ಸತ್ತಿತ್ತು. ಚುಚ್ಚಿದರೆ ಬದುಕಿತು, ತೆಗೆದರೆ ಸತ್ತಿತು.

ಹಳೇ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಯಾವ ರಿಪೇರಿಯವನೂ ನಂಬುವುದಿಲ್ಲ. ಗಿರಾಕಿ ಏನೇ ತಂದರೂ ಮೊದಲು ಚಾರ್ಜರ್ ಚುಚ್ಚುತ್ತಾನೆ, ಆಮೇಲೆ ಮುಚ್ಚಳ ತೆರೆಯುತ್ತಾನೆ. ಅದು ಅವನ ಕೈಯ ರೂಢಿ. ಮನೆಯಲ್ಲಿ, ಲ್ಯಾಬಿನಲ್ಲಿ ನನ್ನದೂ ಅದೇ. ಮಲ್ಲಮ್ಮ ಮಾತ್ರ ಬಸ್ಸಿನಲ್ಲಿ, ಕಟ್ಟೆಯ ಮೇಲೆ, ಬ್ಯಾಟರಿಯಲ್ಲಿ ಓದುವವಳು. ಬ್ಯಾಟರಿಯಲ್ಲಿದ್ದಾಗ ಲ್ಯಾಪ್‌ಟಾಪ್ ಕರೆಂಟ್ ಉಳಿಸಲು ನಿಧಾನ ಏಳುತ್ತದೆ, ಟಚ್‌ಪ್ಯಾಡೂ ನಿಧಾನ. ನನ್ನ ಪ್ಯಾಚಿಗೆ ಅಷ್ಟು ತಾಳ್ಮೆ ಇರಲಿಲ್ಲ. ಒಂದು ಕ್ಷಣ ಕಾದು, ಉತ್ತರ ಬರದಿದ್ದರೆ ಟಚ್‌ಪ್ಯಾಡನ್ನೇ ಕೈಬಿಟ್ಟು ಮುಂದೆ ಹೋಗುತ್ತಿತ್ತು. ತಪ್ಪು ನನ್ನದೇ. ಮೊದಲ ದಿನದಿಂದಲೂ ನನ್ನದೇ.

ಮಲ್ಲಮ್ಮನನ್ನು ಚಾರ್ಜರ್ ಹಾಕಿಕೊಂಡು ಓದು ಅಂತ ಹೇಳಿ ಕಳಿಸಿದೆ. ಆಮೇಲೆ ತಿರುಗಿದೆ.

"ಗೊತ್ತಿದ್ದೂ ನಡೀತೈತಿ ಅಂತ ಬರದ್ರಿ."

"ಅಂಗಡ್ಯಾಗ ಖರೇನ ನಡೀತಿತ್ತ್ರಿ."

"ಮಲ್ಲಮ್ಮ ಫೋನ್ ಮಾಡಿದ್ಲು."

"ಮಾಡಿದ್ಲು." ಈಗ ನನ್ನನ್ನು ನೋಡಿದ. "ಭಾನುವಾರ ನಿಮ್ಮ ಹೆಸರು ತಗೀತಿದ್ರು. ನೀವು ಆ ಹೆಸರಿನ ಸಲುವಾಗಿ ಹೆಂಗ ಒದ್ದಾಡ್ತೀರಿ ಅಂತ ನಾ ನೋಡೇನಿ. ಇಲ್ಲ ಅನ್ನಾಕ ನನ್ನ ಕೈಲೆ ಆಗ್ಲಿಲ್ಲ."

"ಮೊದಲ ದಿನ ಬರದ್ರೆಲ್ಲ, ಎಲ್ಲಾರ ಮುಂದ, ಒಂದ ಸಾಲು. ಆವಾಗ ಹೆಂಗ ಆತು?"

"ಆವಾಗ ನೀವು ಸರ್ ಇದ್ರಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ನನಗ ಮಾಶಾ ಅಲ್ಲಾ ಅನ್ನೋರು ಊರ ತುಂಬ ಅದಾರ್ರಿ. ಅದನ್ನ ಕೇಳಾಕ ನಾ ಬಸ್ ಹಿಡದು ಬರಬೇಕಾಗಿಲ್ಲ. ನಾ ಇಲ್ಲಿ ತನಕ ಬರ್ತಿದ್ದಿದ್ದು ನೀವು ಒಬ್ರರ ಖರೆ ಹೇಳ್ತೀರಿ ಅಂತ."

ಹೊರಟೆ. ಬಾಗಿಲಿನಿಂದ ವಾಪಸ್ ಬಂದು ಕರದಂಟಿನ ಡಬ್ಬಿಯನ್ನೂ ಎತ್ತಿಕೊಂಡೆ. ಬಸ್ಸಿನಲ್ಲಿ ಕೂತು ಸಿಟ್ಟಿನಿಂದ ಅರ್ಧ ಡಬ್ಬಿ ತಿಂದೆ, ರುಚಿ ಮಾತ್ರ ಗೊತ್ತಾಗಲಿಲ್ಲ.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತೆ. ಮೇಂಟೇನರಿಗೆ ಒಂದು ಸಾಲು ಬರೆಯಬೇಕು, ಪ್ಯಾಚ್ ಕೆಟ್ಟಿದೆ, ತೆಗೆಯಿರಿ ಅಂತ. ಬರೆಯಲಾಗಲಿಲ್ಲ. ಹೊರಗೆ ಅಬ್ಬಾ ಮೊಣಕೈವರೆಗೆ ಕೆಂಪು ಬಣ್ಣ ಮಾಡಿಕೊಂಡು, ನೂಲು ತಂದ ಯಾರಿಗೋ ಇವತ್ತ ನಮ್ಮ ಮಗಳದು ಬಿಡುಗಡೆ ಐತಿ ಅನ್ನುತ್ತಿದ್ದರು. ಗೊತ್ತಿರುವುದು ಇಬ್ಬರಿಗೆ. ಮಲ್ಲಮ್ಮನಿಗೆ ಚಾರ್ಜರ್ ಹಾಕು ಅಂದಾಗಿದೆ. ಸುಮ್ಮನಿದ್ದರೆ ಇವತ್ತು ಸಂಜೆಗೆ ನನ್ನ ಹೆಸರು ಜಗತ್ತಿನ ಲ್ಯಾಪ್‌ಟಾಪುಗಳಿಗೆಲ್ಲ ಹೋಗುತ್ತದೆ. ಮುಂದಿನ ಸಲ ಸರಿ ಮಾಡಿದರಾಯಿತು. ಯಾವ ಊರಿನಲ್ಲೋ ಇನ್ನೊಬ್ಬ ಮಲ್ಲಮ್ಮ ಕಟ್ಟೆಯ ಮೇಲೆ ಕೂತು ಬೆರಳು ಉಜ್ಜಿದರೆ ನನಗೇನು ಕಾಣುತ್ತದೆಯೇ? ಹೀಗೆಲ್ಲ ಯೋಚಿಸಿದೆ. ನಿನ್ನೆ ಅಂಗಡಿಯಲ್ಲಿ ನಿಂತು ಅಷ್ಟು ದೊಡ್ಡ ಮಾತಾಡಿದವಳು, ಸುಳ್ಳು ನನಗೆ ಲಾಭವಾದಾಗ ಕೂತು ಲೆಕ್ಕ ಹಾಕುತ್ತಿದ್ದೆ. ಅವನ ಮೇಲಿನ ಸಿಟ್ಟು ಆಗಲೇ ಅರ್ಧ ಇಳಿಯಿತು.

ಬರೆಯತೊಡಗಿದೆ. ಎರಡು ಪದ ಬರೆಯುವುದರೊಳಗೆ ಲಿಸ್ಟಿನಲ್ಲಿ ಒಂದು ಮೇಲ್ ಬಂತು. ಯಾಸೀನನದು, ಎಲ್ಲರಿಗೂ.

ನಾನು ಟೆಸ್ಟ್ ಮಾಡಿದೆ ಅಂತ ಬರೆದದ್ದು ಸುಳ್ಳು. ಈ ಪ್ಯಾಚ್ ಬ್ಯಾಟರಿಯಲ್ಲಿ ಕೆಡುತ್ತದೆ. ಕೆಡುವುದು ಗೊತ್ತಿದ್ದೂ ಮುಚ್ಚಿಟ್ಟೆ. ಪ್ಯಾಚ್ ಬರೆದವರಿಗೆ ನಾನು ಇದನ್ನು ತಿಳಿಸಿರಲಿಲ್ಲ, ಅವರ ತಪ್ಪೇನೂ ಇಲ್ಲ. ದಯವಿಟ್ಟು ಬಿಡುಗಡೆಗೆ ಮೊದಲು ತೆಗೆಯಿರಿ.

ಅವನು ದಯವಿಟ್ಟು ಅಂತ ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಲಿಸ್ಟಿನಲ್ಲಿ ಇನ್ನು ಮುಂದೆ ಅವನು ಏನೇ ವರದಿ ಕಳಿಸಿದರೂ ಜನ ಎರಡು ಸಲ ಯೋಚಿಸುತ್ತಾರೆ. ಅದು ಅವನಿಗೆ ಗೊತ್ತು, ಗೊತ್ತಿದ್ದೇ ಬರೆದಿದ್ದ. ನಾನು ಲೆಕ್ಕ ಹಾಕುತ್ತ ಕೂತಿದ್ದ ಹೊತ್ತಿನಲ್ಲಿ ಅವನು ತನ್ನ ಹೆಸರಿಗೆ ತಾನೇ ಮಸಿ ಬಳಿದುಕೊಂಡಿದ್ದ. ನನ್ನ ಪ್ಯಾಚನ್ನು ಎರಡನೇ ಸಲ ಕೊಂದವನ ಮೇಲೆ ನನಗೆ ಅಂಥ ಪ್ರೀತಿ ಬಂತು, ಹೇಳಲು ನಾಚಿಕೆ.

ಅದರ ಕೆಳಗೆ ಬರೆದೆ. ಅವರು ಹೇಳಿದ್ದು ನಿಜ. ನಿನ್ನೆಯಿಂದ ನನಗೂ ಗೊತ್ತು. ತಪ್ಪು ನನ್ನ ಕೋಡಿನದು, ತೆಗೆಯಿರಿ.

ಮಧ್ಯಾಹ್ನ ಮೇಂಟೇನರ್ ಉತ್ತರಿಸಿದ. ತೆಗೆದಿದ್ದೇನೆ, ಹೇಳಿದ್ದು ಒಳ್ಳೆಯದಾಯಿತು. ಅಷ್ಟೇ. ಮಳೆಗಾಲದ ಆ ಮೊದಲ ಪ್ಯಾಚೂ ಹೋಯಿತು, ಅದರ ಮೇಲೆ ಹಾಕಿದ ತೇಪೆಗಳೂ ಹೋದವು. ಅಬ್ಬಾಗೆ ಹೇಳಿದೆ. ಅವರು ಕೆಂಪು ಕೈಯನ್ನು ನನ್ನ ತಲೆಯ ಮೇಲೆ ಇಡಲು ಬಂದು, ಬಣ್ಣ ನೆನಪಾಗಿ ಹಿಂದಕ್ಕೆ ತೆಗೆದರು. "ಊಟ ಮಾಡು ಬಾ ಮಗಳ," ಅಂದರು. ಆಗ ಅತ್ತೆ, ಚೆನ್ನಾಗಿ ಅತ್ತೆ.

ಮುಂದಿನ ಶನಿವಾರಗಳಲ್ಲಿ ನಾನು ಬಾಗಲಕೋಟೆಗೆ ಹೋಗಲಿಲ್ಲ. ಅವನು ಫೋನ್ ಮಾಡಲಿಲ್ಲ. ನಾನು ಮಾಡಬಹುದಿತ್ತು, ಹಟ ಬಿಡಲಿಲ್ಲ. ಹೊಸದಾಗಿ ಬರೆದೆ. ಈ ಸಲ ಇಷ್ಟೇ ಹೊತ್ತು ಅಂತ ಕಾಯುವ ಬದಲು, ಎದ್ದಿಯಾ, ಎದ್ದಿಯಾ ಅಂತ ಟಚ್‌ಪ್ಯಾಡನ್ನೇ ಕೇಳುವ ಹಾಗೆ ಮಾಡಿದೆ. ಕಳಿಸಲಿಲ್ಲ.

ಒಂದು ಮಧ್ಯಾಹ್ನ ಅಂಗಳದಲ್ಲಿ ಬಿದಿರಿನ ಮೇಲೆ ಹಸಿ ನೂಲು ಹರವುತ್ತಿದ್ದೆ. ನೂಲಿನ ಆಚೆ ಎರಡು ಕಾಲು ಕಂಡವು. ನೂಲು ಸರಿಸಿದೆ. ಬಗಲಲ್ಲಿ ಮಲ್ಲಮ್ಮನ ಲ್ಯಾಪ್‌ಟಾಪ್ ಹಿಡಿದು ಯಾಸೀನ ನಿಂತಿದ್ದ.

"ಚಾರ್ಜರ್ ತಂದಿಲ್ರಿ," ಅಂದ. ಸಲಾಂ ಇಲ್ಲ, ಹೇಗಿದ್ದೀರಿ ಇಲ್ಲ.

"ಯಾಕ ಬಂದ್ರಿ?"

"ಹೊಸಾದು ಬರದಿರಬೇಕು ಅನಿಸ್ತು."

"ಬರದೇನಿ. ಕಳಿಸಿಲ್ಲ."

"ಯಾಕ?"

"ಟೆಸ್ಟ್ ಮಾಡೋರು ಇರಲಿಲ್ಲ."

ಅವನ ಮುಖ ನೋಡಲು ಆಗದೆ ನೂಲನ್ನು ಮತ್ತೆ ಅಡ್ಡ ಎಳೆದುಕೊಂಡೆ. ನೂಲಿನ ಆಚೆ ನಕ್ಕದ್ದು ಕೇಳಿತು.

ಕಟ್ಟೆಯ ಮೇಲೆ ಕೂತು ಹೊಸ ಪ್ಯಾಚ್ ಹಾಕಿದೆವು. ಅಬ್ಬಾ ಕೆಲಸ ಬಿಟ್ಟು ಬಂದು ನಿಂತರು. ಯಾರಪಾ ನೀನು ಅಂತ ಕೇಳಿದರು, ನವನಗರದ ಯಾಸೀನ ಅಂದ, ಅಬ್ಬಾ ಹುಬ್ಬು ಏರಿಸಿ ನನ್ನ ಕಡೆ ನೋಡಿದರು. ಆ ಹೆಸರು ಮನೆಯಲ್ಲಿ ಎಷ್ಟು ಸಲ ಬಂದಿದೆ ಅನ್ನುವುದು ಅವರಿಗೆ ಗೊತ್ತು.

ಯಾಸೀನ ಮುಚ್ಚಿದ, ತೆರೆದ. ಬಾಣ ಓಡಿತು. ಮತ್ತೆ ಮುಚ್ಚಿದ, ಮತ್ತೆ ಓಡಿತು. ಅಬ್ಬಾ ಪ್ರತಿ ಸಲ ತಾವೇ ಗೆದ್ದ ಹಾಗೆ ತಲೆದೂಗಿದರು. ಅವನು ನಿಲ್ಲಿಸಲಿಲ್ಲ. ಬಿಸಿಲು ಗೋಡೆ ಇಳಿಯುವವರೆಗೂ ಮುಚ್ಚಿ ತೆರೆದ. ಆಮೇಲೆ ಒಂದು ಸಲ ತೆರೆದಾಗ ಬಾಣ ಅಲುಗಲಿಲ್ಲ.

"ಹೆಂಗೈತಪಾ?" ಕೇಳಿದರು ಅಬ್ಬಾ. ಕೇಳುತ್ತ ಅವನಿಗೆ ಕಣ್ಣು ಸನ್ನೆ ಮಾಡಿದರು, ಹೂಂ ಅನ್ನು ಅಂತ. ನಾನು ನೋಡಿದೆ.

ಯಾಸೀನ ಅಬ್ಬಾನನ್ನು ನೋಡಿದ, ನನ್ನನ್ನು ನೋಡಿದ.

"ಇಲ್ಲ ಚಾಚಾ. ನಡೀವಲ್ದು."

"ಇಷ್ಟೊತ್ತು ನಡದೈತೆಲ್ಲೋ. ಒಂದ್ಸಲಕ್ಕ ಏನಾತು?"

"ಆ ಒಂದ್ಸಲ ಮಲ್ಲಮ್ಮನ ಕೈಯಾಗ ಆಗತೈತ್ರಿ."

"ನಮ್ಮ ಮಗಳ ಮಾರಿ ನೋಡಿಯರ ಹೂಂ ಅನಬಾರದೇನಪಾ?"

"ಒಮ್ಮಿ ಅಂದಿದ್ದೆ ಚಾಚಾ," ಅಂದ ಯಾಸೀನ. "ಅಂದಮ್ಯಾಲ ಮಾರೀನ ನೋಡಾಕ ಸಿಗಲಿಲ್ಲ."

ಅಬ್ಬಾ ಅವನ ಮುಖ, ನನ್ನ ಮುಖ ಎರಡನ್ನೂ ಹಸಿ ನೂಲಿನ ಬಣ್ಣ ನೋಡುವ ಹಾಗೆ ನೋಡಿದರು. ಆಮೇಲೆ, "ಚಾಕ್ಕ ಹೇಳಿ ಬರ್ತೇನಿ" ಅಂತ ಒಳಗೆ ಹೋದರು.

ಪ್ಯಾಚ್ ಮತ್ತೆ ಕೆಟ್ಟಿತ್ತು. ಹೊಟ್ಟೆ ಉರಿಯಬೇಕಿತ್ತು, ಉರಿಯಿತು ಕೂಡ. ಎಲ್ಲಿ ತಪ್ಪಿದೆ ಅಂತ ತಲೆಯ ಒಂದು ಭಾಗ ಆಗಲೇ ಹುಡುಕುತ್ತಿತ್ತು. ಆದರೂ ಅವನ ಬಾಯಿಂದ ಆ ನಡೀವಲ್ದು ಕೇಳಿ, ಬಹಳ ದಿನಗಳ ಮೇಲೆ ಮನಸ್ಸು ಹಗುರಾಯಿತು.

"ಒಂದ್ ಕೇಳ್ತೇನಿ," ಅಂದೆ. "ಆವತ್ತ ಸುಳ್ಳ ಹೂಂ ಅಂದ್ರೆಲ್ಲ, ಪ್ಯಾಚ್ ಮ್ಯಾಲಿನ ಮರುಕಕ್ಕೋ, ನನ್ನ ಮ್ಯಾಲಿನ ಪ್ರೀತಿಗೋ?"

ಅವನು ಲ್ಯಾಪ್‌ಟಾಪ್ ಮುಚ್ಚಿದ. ಈ ಸಲ ಟೆಸ್ಟಿಗಲ್ಲ.

"ಪ್ರೀತಿಗ್ರಿ."

"ಮತ್ತ ಇವತ್ತ ಇಲ್ಲ ಅಂದಿದ್ದು?"

"ಅದೂ ಅದಕ್ಕ."

ಒಳಗೆ ಕಪ್ಪು ಬಸಿಯ ಸಪ್ಪಳ ಆಗುತ್ತಿತ್ತು. ಅಬ್ಬಾ ಬೇಕಂತಲೇ ತಡ ಮಾಡುತ್ತಿದ್ದರು. ಕೇಳಿಬಿಟ್ಟೆ.

"ಇದು ಯಾವಾಗ ಸರಿ ಆಗತೈತೋ ನನಗ ಗೊತ್ತಿಲ್ರಿ. ಇದಾದ ಮ್ಯಾಲ ಇನ್ನೊಂದು ಕೆಡತೈತಿ. ನೀವು ಎಷ್ಟ ಸಲ ಇಲ್ಲ ಅನಬೇಕಾಗತೈತೋ. ದಿನಾ ನನ್ನ ಮಗ್ಗಲಾಗ ಕುಂತು ಇಲ್ಲ ಅಂತೀರೇನು, ಜೀವನ ಪೂರ್ತಿ?"

ಯಾಸೀನ ಎಲ್ಲಾ ಕಡೆಯಿಂದ ನೋಡುವವನ ಹಾಗೆ ನೋಡಿದ, ಬಣ್ಣ ಮೆತ್ತಿದ ನನ್ನ ಕೈ, ಕೆದರಿದ ಕೂದಲು, ಸಿಟ್ಟು ಪೂರ್ತಿ ಇಳಿಯದ ಮುಖ.

"ಹೂಂ," ಅಂದ.

ಆ ಹೂಂ ಅನ್ನು ನಾನು ಎರಡನೇ ಸಲ ಟೆಸ್ಟ್ ಮಾಡಲಿಲ್ಲ.